ವಿಜಯಪುರದಲ್ಲಿ 950 ಚದರಡಿ ಮನೆಗೆ ಮೂರು ಕೊಟೇಶನ್ ಬಂದಿವೆ, ಯಾವುದು ನ್ಯಾಯ?

ಗುಮ್ಮಟದ ಊರಿನವ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಅಥಣಿ ರೋಡ್ ಕಡೆ ನಮ್ಮದು 30×50 ಸೈಟ್ ಇದೆ. ಸದ್ಯಕ್ಕೆ ಕೆಳಗಷ್ಟೇ ಮನೆ: ಎರಡು ಬೆಡ್‌ರೂಮ್, ಹಾಲ್, ಅಡುಗೆಮನೆ, ದೇವರ ಕೋಣೆ. ಪ್ಲ್ಯಾನ್ ಪ್ರಕಾರ 950 ಚದರಡಿ. ಮುಂದೆ ಮೇಲೊಂದು ಮನೆ ಏರಿಸುವ ವಿಚಾರ ಇದೆ. ಮಣ್ಣು ಪೂರ್ತಿ ಎರಿ (ಕಪ್ಪು ಮಣ್ಣು).

ಮೂವರ ಹತ್ತಿರ ಮಟೀರಿಯಲ್ ಸೇರಿಸಿ ರೇಟ್ ಕೇಳಿದೆವು. ಮೊದಲನೆಯವರು ನಮ್ಮ ದೊಡ್ಡಪ್ಪನಿಗೆ ಪರಿಚಯದವರು, ಚದರಡಿಗೆ 1,650 ಅಂದರು. ವಾಟ್ಸಾಪ್‌ನಲ್ಲಿ ಒಂದೇ ಪುಟ ಕಳಿಸಿದ್ದಾರೆ, "ಎಲ್ಲಾ ಒಳ್ಳೆ ಕಂಪನಿ ಮಟೀರಿಯಲ್" ಅಂತ ಬರೆದಿದೆ. ಎರಡನೆಯವರದು 1,850, ಎರಡು ಪುಟ. ಮೂರನೆಯವರು ಸ್ವತಃ ಇಂಜಿನಿಯರ್, 2,100 ಹೇಳಿದ್ದಾರೆ, ಅವರದು ಎಂಟು ಪುಟ ಇದೆ.

ಅಪ್ಪ, ದೊಡ್ಡಪ್ಪ ಇಬ್ಬರದೂ ಒಂದೇ ಮಾತು: ಗೊತ್ತಿದ್ದವರು, ಕಡಿಮೆಗೆ ಮಾಡಿಕೊಡುತ್ತಾರೆ, ಅವರಿಗೇ ಕೊಡೋಣ. ನನ್ನ ಹೆಂಡತಿಗೆ ಆ ಒಂದು ಪುಟದ ಮೇಲೆ ನಂಬಿಕೆ ಇಲ್ಲ. ಬ್ಯಾಂಕ್ ಸಾಲ ತೆಗೆದು ಕಟ್ಟುವ ಮನೆ, ಮಧ್ಯದಲ್ಲಿ ದುಡ್ಡು ಸಾಲದೆ ನಿಂತರೆ ನಮಗೆ ಬೇರೆ ದಾರಿ ಇಲ್ಲ. ಯಾವ ರೇಟ್ ಸರಿ ಅಂತ ಹೇಗೆ ನೋಡಬೇಕು? ಕಟ್ಟಿದವರು, ಕಟ್ಟಿಸಿದವರು ಹೇಳಿ.

ಗರಸು-ಖಡಿ (ಬಾಗಲಕೋಟೆ, ಸೈಟ್ ಇಂಜಿನಿಯರ್)

ಚದರಡಿ ರೇಟ್ ಒಂದನ್ನೇ ನೋಡಿ ಏನೂ ಹೇಳಲು ಬರುವುದಿಲ್ಲ ಸರ್. ಮೊದಲು ಒಂದು ಪ್ರಶ್ನೆ. ಸ್ಟ್ರಕ್ಚರಲ್ ಡ್ರಾಯಿಂಗ್ ಆಗಿದೆಯಾ? ಕಾಲಂ ಎಷ್ಟು, ಫೂಟಿಂಗ್ (ಕಾಲಂನ ಬುಡದ ಕಾಂಕ್ರೀಟ್) ಎಷ್ಟು ಆಳ, ಯಾವ ಸಳಿ (ಕಬ್ಬಿಣದ ಸರಳು) ಎಲ್ಲಿ ಎಂಬುದು ಕಾಗದದ ಮೇಲೆ ಇಲ್ಲದಿದ್ದರೆ ಮೂವರೂ ತಮ್ಮ ತಮ್ಮ ಮನಸ್ಸಿನಲ್ಲಿರುವ ಮೂರು ಬೇರೆ ಮನೆಗಳಿಗೆ ರೇಟ್ ಕೊಟ್ಟಿರುತ್ತಾರೆ. ಅವನ್ನು ಪಕ್ಕಪಕ್ಕ ಇಟ್ಟು ನೋಡಿ ಏನು ಉಪಯೋಗ?

ಮೇಲೆ ಇನ್ನೊಂದು ಮನೆ ಬರುತ್ತದೆ ಅಂದಿರಿ. ಆ ಭಾರ ಹಿಡಿದು ಫೂಟಿಂಗ್, ಕಾಲಂ ಲೆಕ್ಕ ಹಾಕಬೇಕು. "ಪಾಯ ಗಟ್ಟಿ ಹಾಕ್ತೀವಿ ಬಿಡ್ರಿ" ಅನ್ನುವ ಮಾತು ಲೆಕ್ಕ ಅಲ್ಲ.

ಇನ್ನು ನಿಮ್ಮ ಎರಿ ಮಣ್ಣು. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದನ್ನು ನೋಡೇ ಇರುತ್ತೀರಿ. ಅದೇ ಮಣ್ಣಿನ ಮೇಲೆ ಫೂಟಿಂಗ್ ಕೂತರೆ ಪ್ರತಿ ವರ್ಷ ಮನೆ ಒಂದಿಷ್ಟು ಏರಿ ಇಳಿಯುತ್ತದೆ, ಕಿಟಕಿ ಮೂಲೆಯಿಂದ ಓರೆ ಬಿರುಕು ಶುರುವಾಗುತ್ತದೆ. ಆದ್ದರಿಂದ ಎರಿ ದಾಟಿ ಗಟ್ಟಿ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಗುವ ತನಕ ಅಗೆಯಬೇಕು. ಆ ಗಟ್ಟಿ ಕೆಲವು ಕಡೆ ನಾಲ್ಕು ಅಡಿಗೆ ಸಿಗುತ್ತದೆ, ಕೆಲವು ಕಡೆ ಎಂಟಡಿ ಆದರೂ ಇಲ್ಲ. ಕಾಲಂಗಳನ್ನು ಪ್ಲಿಂತ್ ಬೀಮಿನಿಂದ (ನೆಲಮಟ್ಟದ ಕಾಂಕ್ರೀಟ್ ತೊಲೆಯಿಂದ) ಕಟ್ಟಿ, ಗೋಡೆ ಆ ಬೀಮಿನ ಮೇಲೆ ಏಳಬೇಕು. ಅಗೆದ ಎರಿಯನ್ನು ತಿರುಗಿ ಒಳಗೆ ತುಂಬಬಾರದು, ಗರಸು ತಂದು ಮುಕ್ಕಾಲು ಅಡಿಯಷ್ಟು ಪದರ ಹಾಕಿ ನೀರು ಹೊಡೆದು ದಮ್ಮಸ್ ಮಾಡಬೇಕು.

ನಿಮ್ಮ ಮನೆಗೆ ಮೂರು ಅಡಿ ತುಂಬಬೇಕು ಅಂದರೆ 950×3, ಅಂದರೆ 2,850 ಘನ ಅಡಿ, 28 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಮೇಲಾಯಿತು. ಒತ್ತಿದ ಮೇಲೆ ಗರಸು ಕುಗ್ಗುವುದರಿಂದ ಗಾಡಿ ಲೆಕ್ಕದಲ್ಲಿ ಇನ್ನೂ ಜಾಸ್ತಿ ಬರುತ್ತದೆ. ಆ ಖರ್ಚು ಯಾರದು? ಮೂರೂ ಕೊಟೇಶನ್‌ನಲ್ಲಿ ಈ ಎರಡು ಸಾಲು ಹುಡುಕಿ: ಪಾಯ ಎಷ್ಟು ಅಡಿವರೆಗೆ ರೇಟಿನಲ್ಲಿದೆ, ಗರಸು ಯಾರದು. ಎರಿ ನೆಲದಲ್ಲಿ ಮಾಲೀಕನ ದುಡ್ಡು ಕರಗುವುದು ನೆಲದ ಕೆಳಗೇ.

ಬೆಳಗಾವಿ ಮಳೆ (ಬೆಳಗಾವಿ)

ಇಂಜಿನಿಯರ್ ಸರ್ ಹೇಳಿದ್ದು ಖರೆ. ನಮ್ಮ ಕಡೆ ಟಿಳಕವಾಡಿ, ಅನಗೋಳ ಸುತ್ತ ಕೆಂಪು ಮಣ್ಣು, ಬೇಗ ಗಟ್ಟಿ ಸಿಗುತ್ತದೆ. ಬೈಲಹೊಂಗಲ, ಗೋಕಾಕ ಕಡೆ ಹೋದರೆ ಮತ್ತೆ ಎರಿ. ಒಂದೇ ಜಿಲ್ಲೆಯಲ್ಲೇ ಇಷ್ಟು ಫರಕು ಇರುವಾಗ "ಬೆಳಗಾವಿಯಲ್ಲಿ ಇಷ್ಟಕ್ಕೆ ಮುಗಿಸಿದರು" ಅಂತ ಯಾರಾದರೂ ಹೇಳಿದರೆ ಅದನ್ನು ನಿಮ್ಮ ಸೈಟಿಗೆ ಹಚ್ಚಬೇಡಿ.

ನಾನು ಮಟೀರಿಯಲ್ ನಾನೇ ತಂದು ಲೇಬರ್ ಮಾತ್ರ ಗುತ್ತಿಗೆ ಕೊಟ್ಟಿದ್ದೆ. ಖಾನಾಪುರದ ಇಟ್ಟಂಗಿ, ಕಾಂಪೌಂಡಿಗೆ ಅಲ್ಲಿನದೇ ಕೆಂಪು ಕಲ್ಲು. ಹೀಗೆ ಮಾಡಿದರೆ ಏನು ಬಳಸುತ್ತಿದ್ದಾರೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಲಾಭ, ಸ್ವಂತಕ್ಕೆ ಕಟ್ಟುವ ಒಂಟಿ ಮನೆಯ ಬರೀ ಲೇಬರ್ ಗುತ್ತಿಗೆಗೆ ಜಿಎಸ್‌ಟಿ ಇಲ್ಲ. ಮಟೀರಿಯಲ್ ಸೇರಿದ ಗುತ್ತಿಗೆಗೆ ನೋಂದಣಿ ಇರುವ ಗುತ್ತಿಗೆದಾರರು 18 ಪರ್ಸೆಂಟ್ ಹಾಕುತ್ತಾರೆ. ಹಾಗಾಗಿ ನಿಮ್ಮ ಮೂರು ರೇಟುಗಳು ಜಿಎಸ್‌ಟಿ ಸೇರಿಯೋ ಬಿಟ್ಟೋ ಅಂತ ಮೊದಲು ಕೇಳಿ. 18 ಲಕ್ಷದ ಕೆಲಸಕ್ಕೆ ಅದೇ 3,24,000 ಆಗುತ್ತದೆ. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ 28ರಿಂದ 18ಕ್ಕೆ ಇಳಿದಿದೆ. ಕೊಟೇಶನ್ ಅದಕ್ಕೂ ಹಿಂದಿನದಾದರೆ ಅದನ್ನೂ ಮಾತಾಡಿ.

ಆದರೆ ನೌಕರಿ ಮಾಡಿಕೊಂಡು ಲೇಬರ್ ಗುತ್ತಿಗೆ ನಡೆಸುವುದು ಕಷ್ಟ. ಉಸುಕಿನ ಗಾಡಿ ರಾತ್ರಿ ಬರುತ್ತದೆ, ಅಳತೆ ಯಾರು ನೋಡಬೇಕು? ನಮ್ಮ ಮನೆಯಲ್ಲಿ ಮಾವನವರು ಸೈಟಿನಲ್ಲೇ ಕೂತಿದ್ದರು, ಅದಕ್ಕೆ ನಡೆಯಿತು.

ಗುಮ್ಮಟದ ಊರಿನವ

ತುಂಬಾ ಧನ್ಯವಾದ. ಹುಡುಕಿ ನೋಡಿದೆ. 1,650ರ ಕಾಗದದಲ್ಲಿ "ಪಾಯ 4 ಅಡಿವರೆಗೆ, ಮುಂದಿನದು ಎಕ್ಸ್‌ಟ್ರಾ" ಅಂತ ಇದೆ, ಅಡಿಗೆ ಎಷ್ಟು ಅಂತ ಇಲ್ಲ. ಗರಸಿನ ಮಾತೇ ಇಲ್ಲ. 1,850ರಲ್ಲಿ 6 ಅಡಿವರೆಗೆ ಸೇರಿದೆ, ಗರಸೂ ಸೇರಿದೆ. 2,100ರವರು "ಗಟ್ಟಿ ನೆಲ ಸಿಗುವವರೆಗೆ, ಗರಿಷ್ಠ 8 ಅಡಿ" ಅಂತ ಬರೆದು, ಅದಕ್ಕಿಂತ ಆಳವಾದರೆ ಪ್ರತಿ ಅಡಿಗೆ ಎಷ್ಟು ಅಂತಲೂ ಹಾಕಿದ್ದಾರೆ. ಜಿಎಸ್‌ಟಿ ಮೂವರೂ ಸೇರಿಸಿಯೇ ಹೇಳಿದ್ದಾರೆ, ಫೋನ್ ಮಾಡಿ ಕೇಳಿದೆ.

ಇನ್ನೊಂದು ಕಣ್ಣಿಗೆ ಬಿತ್ತು. 1,650ರ ಕಾಗದದ ಕೊನೆಗೆ ಒಟ್ಟು ಏರಿಯಾ 1,080 ಅಂತ ಇದೆ. ಉಳಿದಿಬ್ಬರು 950 ಹಿಡಿದಿದ್ದಾರೆ.

ಲೆಕ್ಕದ ಮೇಷ್ಟ್ರು (ಸಿಂದಗಿ)

ಹಾಗಾದರೆ ಗುಣಿಸಿ ನೋಡಿ ತಮ್ಮಾ.

1,080×1,650 = 17,82,000.
950×1,850 = 17,57,500.
950×2,100 = 19,95,000.

ಕಡಿಮೆ ರೇಟಿನವರ ಒಟ್ಟು ಮೊತ್ತ ಆಗಲೇ ಎರಡನೆಯವರಿಗಿಂತ 24,500 ಜಾಸ್ತಿ ಆಯಿತು. ಅದೂ ನಾಲ್ಕೇ ಅಡಿ ಪಾಯಕ್ಕೆ, ಗರಸು ಬಿಟ್ಟು. ಈ 130 ಚದರಡಿ ಎಲ್ಲಿಂದ ಬಂತು ಅಂತ ಕೇಳಿ.

ಗುಮ್ಮಟದ ಊರಿನವ

ಕೇಳಿದೆ ಸರ್. ಮೆಟ್ಟಿಲ ಮೇಲಿನ ಹೆಡ್‌ರೂಮ್ 80, ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬ್ 50. "ಎಲ್ಲರೂ ಹೀಗೇ ಹಿಡಿಯೋದು" ಅಂದರು. 1,850, 2,100 ಇಬ್ಬರೂ ಹೆಡ್‌ರೂಮ್ ರೇಟಿನಲ್ಲೇ ಸೇರಿದೆ ಅಂತ ಬರೆದಿದ್ದಾರೆ.

ಗರಸು-ಖಡಿ

ಹೆಡ್‌ರೂಮ್ ಹಿಡಿಯುವುದು ತಪ್ಪಲ್ಲ. ಅದಕ್ಕೂ ಗೋಡೆ, ಸ್ಲ್ಯಾಬ್, ಬಾಗಿಲು ಇದೆಯಲ್ಲ. ಸ್ಲ್ಯಾಬಿನ ಚಾಚನ್ನು ಮನೆಯ ಪೂರ್ತಿ ರೇಟಿನಲ್ಲಿ ಹಿಡಿಯುವುದು ಮಾತ್ರ ನ್ಯಾಯ ಅಲ್ಲ, ಅದರ ಕೆಳಗೆ ಗೋಡೆ ಇಲ್ಲ, ಫರಸಿ (ನೆಲಹಾಸು) ಇಲ್ಲ, ವೈರಿಂಗ್ ಇಲ್ಲ. ಹೇಗೇ ಹಿಡಿಯಲಿ, ಮೂವರಿಗೂ ಒಂದೇ ಅಳತೆ ಇರಬೇಕು. "ಹೊರಗೋಡೆಯ ಹೊರ ಅಂಚಿನಿಂದ ಅಳತೆ" ಅಂತ ಕರಾರಿನಲ್ಲಿ ಬರೆಸಿ.

ಈಗ ಮಟೀರಿಯಲ್ ಲೆಕ್ಕ. ಸಣ್ಣ ಮನೆಗಳಿಗೆ ನಾವು ಬಾಯಿಲೆಕ್ಕದಲ್ಲಿ ಚದರಡಿಗೆ ಮೂರೂವರೆಯಿಂದ ನಾಲ್ಕು ಕೆಜಿ ಸ್ಟೀಲ್, 0.4 ಚೀಲದ ಮೇಲೆ ಸಿಮೆಂಟ್ ಹಿಡಿಯುತ್ತೇವೆ. ನಿಮ್ಮ 950ಕ್ಕೆ ಸ್ಟೀಲ್ 3.3ರಿಂದ 3.8 ಟನ್, ಸಿಮೆಂಟ್ 380 ಚೀಲ ಮತ್ತು ಮೇಲೆ. ಎರಿ ನೆಲ, ಮೇಲೆ ಇನ್ನೊಂದು ಮನೆ ಅಂದರೆ ಸ್ಟೀಲ್ ಇನ್ನೂ ಏರುತ್ತದೆ. ಮೂವರಿಗೂ ಕೇಳಿ, "ನಿಮ್ಮ ಲೆಕ್ಕದಲ್ಲಿ ಎಷ್ಟು ಟನ್, ಎಷ್ಟು ಚೀಲ?" ಲೆಕ್ಕ ಹಾಕಿದವರು ಕೂತಲ್ಲೇ ಹೇಳುತ್ತಾರೆ. ಎರಡೂವರೆ ಟನ್ ಅಂದರೆ ಅಲ್ಲೇ ನಿಲ್ಲಿಸಿ.

ಸ್ಲ್ಯಾಬ್ ದಿನದ ಲೆಕ್ಕ ಕೈಯಲ್ಲಿರಲಿ. 950 ಚದರಡಿ, 5 ಇಂಚು ದಪ್ಪ. 396 ಘನ ಅಡಿ, ಅಂದರೆ ಸುಮಾರು 4 ಬ್ರಾಸ್, 11 ಘನ ಮೀಟರ್ ಮೇಲೆ. ಎಂ20 (ಇದು ಕಾಂಕ್ರೀಟಿನ ಗಟ್ಟಿತನದ ದರ್ಜೆ) ಕಾಂಕ್ರೀಟಿಗೆ ಘನ ಮೀಟರಿಗೆ 8 ಚೀಲದಂತೆ 90 ಚೀಲ. ಬೀಮಿನದು ಬೇರೆ. ಸಂಜೆ ಖಾಲಿ ಚೀಲ ಎಣಿಸಿ. ಎಪ್ಪತ್ತೇ ಸಿಕ್ಕರೆ ಆ ಸ್ಲ್ಯಾಬ್ ಎಂ20 ಅನ್ನುವುದು ಅನುಮಾನ. ಆರ್‌ಸಿಸಿಗೆ, ಅಂದರೆ ಸಳಿ ಹಾಕಿದ ಕಾಂಕ್ರೀಟಿಗೆ, ಎಂ20ಕ್ಕಿಂತ ಕೆಳಗೆ ಇಳಿಯಬಾರದು ಅಂತ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಸ್ಪಷ್ಟವಾಗಿ ಹೇಳುತ್ತದೆ.

ಸಳಿಯ ತೂಕಕ್ಕೂ ಸುಲಭ ಸೂತ್ರ ಇದೆ. ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕೆಜಿ ಬರುತ್ತದೆ. 12 ಎಂಎಂ ಸಳಿ 12 ಮೀಟರ್ ಉದ್ದಕ್ಕೆ 10.6 ಕೆಜಿ ಮೇಲೆ ಇರಬೇಕು, 8 ಎಂಎಂ 4.7. ಲೋಡ್ ಬಂದಾಗ ಒಂದೆರಡು ಸಳಿ ಎತ್ತಿ ತೂಗಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಮಿಸ್ತ್ರಿ ಜಮಖಂಡಿ (ಗುತ್ತಿಗೆದಾರ)

ಎಲ್ಲರೂ ಗುತ್ತಿಗೆದಾರನನ್ನು ಹೇಗೆ ಹಿಡಿಯಬೇಕು ಅಂತ ಬರೆದಿರಿ. ನಮ್ಮ ಕಡೆಯದೂ ಸ್ವಲ್ಪ ಕೇಳಿ.

ಗಾರೆ ಕಲಸುವ ಕೆಲಸದಿಂದ ಶುರು ಮಾಡಿ ಇಲ್ಲಿಗೆ ಬಂದವನು ನಾನು. ನನ್ನ ಲೆಕ್ಕದಲ್ಲಿ ನೂರಕ್ಕೆ ಹತ್ತಾದರೂ ಉಳಿಯದಿದ್ದರೆ ಆ ಕೆಲಸ ಚಂದ ಮುಗಿಯುವುದಿಲ್ಲ. ಮಾಲೀಕರು ಹಗ್ಗಜಗ್ಗಾಟ ಮಾಡಿ 1,850ನ್ನು 1,600ಕ್ಕೆ ತರುತ್ತಾರೆ. ಆ 250 ಎಲ್ಲಿಂದ ತರಬೇಕು? ನುರಿತ ಗೌಂಡಿ ಹೋಗಿ ಕಲಿಯುವ ಹುಡುಗ ಬರುತ್ತಾನೆ. ಕ್ಯೂರಿಂಗಿಗೆ (ಕಾಂಕ್ರೀಟಿಗೆ ನೀರುಣಿಸಲು) ಇಟ್ಟ ಆಳು ಹೋಗುತ್ತಾನೆ. ಗಿಲಾವಿನಲ್ಲಿ (ಪ್ಲಾಸ್ಟರ್) ಸಿಮೆಂಟ್ ಕಡಿಮೆಯಾಗುತ್ತದೆ. ಮಾಲೀಕ ಗೆದ್ದೆ ಅಂದುಕೊಂಡಿರುತ್ತಾನೆ, ಎರಡು ಮಳೆಗಾಲ ಕಳೆದ ಮೇಲೆ ಗೋಡೆ ಉದುರುತ್ತದೆ. ದಯವಿಟ್ಟು ಒಟ್ಟು ರೇಟನ್ನು ಸುಮ್ನೆ ಜಗ್ಗಬೇಡಿ. ಬೇಡವಾದ ಕೆಲಸ ತೆಗೆಯಿರಿ, ಸಾಗವಾನಿ ಚೌಕಟ್ಟು ಮುಂಬಾಗಿಲಿಗೆ ಮಾತ್ರ ಸಾಕು ಅನ್ನಿ, ಎಲಿವೇಶನ್ ಅಲಂಕಾರ ಬಿಡಿ. ಅಲ್ಲಿ ನಿಜವಾಗಿ ದುಡ್ಡು ಉಳಿಯುತ್ತದೆ.

ಸ್ಟೀಲ್ ರೇಟ್ ತಿಂಗಳೊಳಗೆ ಏರಿಳಿಯುತ್ತದೆ. ಅದಕ್ಕೊಂದು ಕಲಂ ಹಾಕಿಕೊಳ್ಳಿ: ಕರಾರಿನ ದಿನದ ಸ್ಟೀಲ್, ಸಿಮೆಂಟ್ ದರ ಬರೆದು, ನೂರಕ್ಕೆ ಐದಕ್ಕಿಂತ ಜಾಸ್ತಿ ಏರಿದರೆ ಫರಕು ಮಾಲೀಕನದು, ಇಳಿದರೆ ಗುತ್ತಿಗೆದಾರ ಕಡಿಮೆ ಮಾಡಬೇಕು. ಎರಡೂ ಕಡೆಗೆ ಬರೆಯಿರಿ, ಆಗ ಯಾರಿಗೂ ಮನಸ್ಸು ಕೆಡುವುದಿಲ್ಲ.

ಒಂದು ಪುಟದ ಕೊಟೇಶನ್ ಕೊಡುವವರೆಲ್ಲ ಮೋಸಗಾರರಲ್ಲ ಸರ್. ಎಷ್ಟೋ ಒಳ್ಳೆ ಮಿಸ್ತ್ರಿಗಳಿಗೆ ಬರೆಯುವ ರೂಢಿ ಇಲ್ಲ. ನೀವೇ ಬರೆದುಕೊಂಡು ಹೋಗಿ ಅವರ ಮುಂದೆ ಓದಿ, ಸಹಿ ಕೇಳಿ. ಒಳ್ಳೆಯವನು ಸಹಿ ಮಾಡುತ್ತಾನೆ.

ನವನಗರದ ಅಕ್ಕ (ಬಾಗಲಕೋಟೆ)

ಗಂಡಸರು ಪಾಯ, ಸ್ಟೀಲ್ ಅಂತ ನಿಂತರು. ಜಗಳ ಆಗುವುದು ಒಳಗಿನ ಕೆಲಸಕ್ಕೆ ರೀ. ಇಲ್ಲಿ ನಮ್ಮ ಸೆಕ್ಟರಿನಲ್ಲಿ ಪಕ್ಕದ ಮನೆಯವರು ಕಟ್ಟಿಸಿದಾಗ ಕೊಟೇಶನ್‌ನಲ್ಲಿ "ಟೈಲ್ಸ್ ಸೇರಿದೆ" ಅಂತಷ್ಟೇ ಇತ್ತು. ಅಂಗಡಿಗೆ ಹೋದಾಗ ಗುತ್ತಿಗೆದಾರರು ಚದರಡಿಗೆ 38ರ ಟೈಲ್ಸ್ ತೋರಿಸಿದರು. ಇವರಿಗೆ ಹಿಡಿಸಿದ್ದು 60ರದ್ದು. 22 ರೂಪಾಯಿ ಫರಕು, ಮನೆ ಪೂರ್ತಿಗೆ ಮತ್ತು ಬಚ್ಚಲಮನೆಯ ಗೋಡೆಗೂ ಸೇರಿ ಎಷ್ಟಾಗುತ್ತದೆ ನೀವೇ ನೋಡಿ. ರೇಟ್ ಬರೆಸಿ, ಅದು ಅಂಗಡಿ ಬೆಲೆಯೋ ಗಾಡಿ ಬಾಡಿಗೆ ಸೇರಿದ ಬೆಲೆಯೋ ಅನ್ನುವುದನ್ನೂ ಬರೆಸಿ.

ಅಡುಗೆಮನೆಯಲ್ಲಿ ನಿಮ್ಮ ಮನೆಯವರನ್ನು ಪ್ಲ್ಯಾನ್ ಮುಂದೆ ಕೂರಿಸಿ. ಕಟ್ಟೆ ಎಷ್ಟು ಅಡಿ, ಎತ್ತರ ಎಷ್ಟು, ಇಳಕಲ್ ಗ್ರಾನೈಟೋ ಕರಿ ಗ್ರಾನೈಟೋ, ಸಿಂಕ್ ಯಾವುದು, ಕಡಪಾ ಕಲ್ಲಿನ ಕಪಾಟು ಎಷ್ಟು ಖಣ, ಮೇಲೆ ಸಜ್ಜಾ ಇದೆಯಾ. ಫ್ರಿಜ್, ಮಿಕ್ಸರ್, ನೀರಿನ ಫಿಲ್ಟರ್, ರೊಟ್ಟಿ ಮಾಡುವಾಗ ಹೊಗೆ ಎಳೆಯುವ ಫ್ಯಾನ್, ಪ್ರತಿಯೊಂದಕ್ಕೂ ಒಂದು ಪಾಯಿಂಟ್ ಬೇಕು. ಒಟ್ಟು ಎಷ್ಟು ಲೈಟ್ ಪಾಯಿಂಟ್, ಎಷ್ಟು ಪ್ಲಗ್ ಪಾಯಿಂಟ್ ಅಂತ ಅಂಕಿ ಇಲ್ಲದ ಕೊಟೇಶನ್‌ಗೆ ಹೂಂ ಅನ್ನಬೇಡಿ. ಗೋಡೆ ಕೊರೆದ ಮೇಲೆ ಒಂದೊಂದು ಪಾಯಿಂಟ್ ಎಕ್ಸ್‌ಟ್ರಾ ಅನ್ನುತ್ತಾರೆ, ಆಗ ಬೇಡ ಅನ್ನಲೂ ಆಗುವುದಿಲ್ಲ.

ಮತ್ತೆ ಸಂಪ್, ಕಾಂಪೌಂಡ್, ಗೇಟ್, ಮೇಲಿನ ಟಾಕಿ, ಹೆಸ್ಕಾಂ ತಾತ್ಕಾಲಿಕ ಮೀಟರ್, ಇವೆಲ್ಲ ಯಾರ ಖರ್ಚು? ಕೇಳಿದ್ದೀರಾ?

ಗುಮ್ಮಟದ ಊರಿನವ

ಅಕ್ಕಾ, ಹೆಂಡತಿಗೆ ಓದಿಸಿದೆ, ಈಗ ಪಾಯಿಂಟ್ ಪಟ್ಟಿ ಅವಳೇ ಬರೆಯುತ್ತಿದ್ದಾಳೆ.

1,850ರವರದು ಸಂಪ್ ಬೇರೆ: 8,000 ಲೀಟರ್, ಲೀಟರಿಗೆ 20 ರೂಪಾಯಿ. ಕಾಂಪೌಂಡ್ ಅಡಿಗೆ 1,200, ಒಂದು ಬದಿ ಪಕ್ಕದವರ ಗೋಡೆ ಇರುವುದರಿಂದ ನಮಗೆ 100 ಅಡಿ ಬರುತ್ತದೆ. 1,650ರವರು "ಆಮೇಲೆ ನೋಡೋಣ" ಅಂದರು. 2,100ರಲ್ಲಿ ಎರಡೂ ಸೇರಿವೆ, ಅದೇ ಅಳತೆ.

ಲೆಕ್ಕದ ಮೇಷ್ಟ್ರು

ಮತ್ತೆ ಗುಣಿಸೋಣ. ಸಂಪ್ 1,60,000, ಕಾಂಪೌಂಡ್ 1,20,000. 17,57,500ಕ್ಕೆ ಕೂಡಿಸಿದರೆ 20,37,500. ಮೂರನೆಯವರದು 19,95,000ದಲ್ಲೇ ನಿಂತಿದೆ. ಎಲ್ಲರಿಗಿಂತ ದುಬಾರಿ ಅಂತ ಪಕ್ಕಕ್ಕಿಟ್ಟಿದ್ದ ಕಾಗದ 42,500 ಕಡಿಮೆಗೆ ಬಂತು, ಪಾಯವೂ ಎರಡು ಅಡಿ ಜಾಸ್ತಿ ಆಳ ಇದೆ. ಇದನ್ನು ನಿಮ್ಮ ಅಪ್ಪ, ದೊಡ್ಡಪ್ಪನ ಮುಂದೆ ಸಮಾಧಾನದಿಂದ ಇಡಿ. ಹಿರಿಯರು ಪರಿಚಯಕ್ಕೆ ಬೆಲೆ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಅಂಕಿ ಕಂಡರೆ ಒಪ್ಪುತ್ತಾರೆ.

ಬೆಳಗಾವಿ ಮಳೆ

ದುಡ್ಡು ಕೊಡುವ ಕಂತೂ ನೋಡಿ. ಅದರಲ್ಲೂ ಬಹಳ ಇದೆ.

ಗುಮ್ಮಟದ ಊರಿನವ

1,650ರವರು ಪೂಜೆಗೆ 30 ಪರ್ಸೆಂಟ್, ಪ್ಲಿಂತ್‌ಗೆ 30, ಸ್ಲ್ಯಾಬಿಗೆ 25, ಉಳಿದಿದ್ದು ಕೊನೆಗೆ ಅಂತ ಬರೆದಿದ್ದಾರೆ. 2,100ರವರು ಮುಂಗಡ 10, ಆಮೇಲೆ ಎಂಟು ಹಂತ.

ಗರಸು-ಖಡಿ

ಸ್ಲ್ಯಾಬ್ ಬೀಳುವಷ್ಟರಲ್ಲಿ 85 ಪರ್ಸೆಂಟ್ ಕೊಟ್ಟುಬಿಟ್ಟರೆ ಮುಂದೆ ನಿಮ್ಮ ಮಾತು ಯಾರು ಕೇಳುತ್ತಾರೆ? ಸ್ಲ್ಯಾಬ್ ಆದಾಗ ಮನೆಯ ಖರ್ಚು ಅರ್ಧದ ಆಸುಪಾಸು ಆಗಿರುತ್ತದೆ. ಗಿಲಾವ್, ಫರಸಿ, ಬಾಗಿಲು, ವೈರಿಂಗ್, ಬಣ್ಣ ಎಲ್ಲ ಬಾಕಿ. ಬ್ಯಾಂಕಿನವರೂ ಕೆಲಸ ಆದಷ್ಟಕ್ಕೇ ಹಂತಹಂತವಾಗಿ ಸಾಲ ಬಿಡುತ್ತಾರೆ, ಈ ಕಂತಿಗೆ ನೀವು ಕೈಯಿಂದ ಹಾಕಬೇಕಾಗುತ್ತದೆ. ಬ್ಯಾಂಕಿನ ಹಂತಗಳನ್ನೇ ಕರಾರಿಗೆ ಹಾಕಿ. ಕೊನೆಯ 5 ಪರ್ಸೆಂಟ್ ಒಂದು ಮಳೆಗಾಲ ಕಳೆದ ಮೇಲೆ, ಸ್ಲ್ಯಾಬ್ ಸೋರದಿದ್ದರೆ.

ವಿಜಯಪುರ ಆದ್ದರಿಂದ ಇನ್ನೆರಡು ಮಾತು. ನಿಮ್ಮ ಕಡೆ ಆಗಾಗ ಸಣ್ಣಗೆ ಭೂಮಿ ನಡುಗುತ್ತದೆ. ಕಾಲಂ ಕಟ್ಟುವಾಗ ರಿಂಗಿನ (ಉದ್ದ ಸಳಿಗಳನ್ನು ಸುತ್ತಿ ಹಿಡಿಯುವ ಸಣ್ಣ ಸಳಿಯ) ತುದಿ ನೋಡಿ. ಎರಡೂ ತುದಿ 135 ಡಿಗ್ರಿ ಬಾಗಿ ಕಾಲಂನ ಒಳಗಡೆಗೆ ಮುಖ ಮಾಡಿರಬೇಕು. ಸುಮ್ನೆ 90 ಡಿಗ್ರಿಗೆ ಮಡಚಿ ಬಿಟ್ಟರೆ ನಡುಗಿದಾಗ ಮೇಲಿನ ಕಾಂಕ್ರೀಟ್ ಸಿಡಿದು ರಿಂಗ್ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಖರ್ಚು ಜಾಸ್ತಿ ಇಲ್ಲ, ಹೇಳಿದರೆ ಮಾಡುತ್ತಾರೆ, ಹೇಳದಿದ್ದರೆ ಎಷ್ಟೋ ಕಡೆ ಮಾಡುವುದಿಲ್ಲ.

ಎರಡನೆಯದು ನೀರು. ನಿಮ್ಮ ಕಡೆ ಎಷ್ಟೋ ಬೋರ್‌ಗಳ ನೀರು ಉಪ್ಪು. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ದಾಟಿದರೆ ಒಳಗೆ ಸಳಿ ತುಕ್ಕು ಹಿಡಿಯುತ್ತದೆ. ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ನೀರು ಸರಿ ಇಲ್ಲದಿದ್ದರೆ ಟ್ಯಾಂಕರ್ ಬೇಕು, ಅದರ ಬಿಲ್ ಯಾರದು ಅಂತ ಕರಾರಿನಲ್ಲಿ ಇರಲಿ.

ಮಿಸ್ತ್ರಿ ಜಮಖಂಡಿ

ನೀರಿನ ಮಾತಿಗೆ ನನ್ನದೂ ಸೇರಿಸಿ. ಬೇಸಿಗೆಯಲ್ಲಿ ಸ್ಲ್ಯಾಬ್ ಹಾಕಿದರೆ ಎರಡು ವಾರ ನೀರು ನಿಲ್ಲಿಸಲೇಬೇಕು, ಈಗಿನ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಅದು ಇನ್ನೂ ಮುಖ್ಯ. ಟ್ಯಾಂಕರ್ ದುಡ್ಡು ನಮ್ಮ ತಲೆ ಮೇಲೆ ಇದ್ದರೆ ಕ್ಯೂರಿಂಗ್ ಕಡಿಮೆ ಮಾಡುವ ಆಸೆ ಯಾವ ಗುತ್ತಿಗೆದಾರನಿಗೂ ಬರುತ್ತದೆ. ನೀರು ಮಾಲೀಕನೇ ಕೊಡುವುದು ಒಳ್ಳೆಯದು, ರೇಟಿನಲ್ಲಿ ಅಷ್ಟು ಕಡಿಮೆ ಮಾಡಿಸಿಕೊಳ್ಳಿ.

5 ಪರ್ಸೆಂಟ್ ತಡೆ ಹಿಡಿಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ಮಳೆಗಾಲ ಕಳೆದ ಮೇಲೆ ಕರೆದು ಕೊಡಬೇಕು, ನಾವು ಮನೆ ಬಾಗಿಲಿಗೆ ಅಲೆಯುವಂತೆ ಮಾಡಬಾರದು.

ಗುಮ್ಮಟದ ಊರಿನವ

ಆಯಿತು ಮಿಸ್ತ್ರಿಯವರೇ, ಆ ಮಾತನ್ನೂ ಬರೆಸುತ್ತೇನೆ. ಕೊನೆಗೊಂದು ಪ್ರಶ್ನೆ ಉಳಿದಿದೆ. 2,100ರವರದು 8 ಅಡಿಗೆ ನಿಲ್ಲುತ್ತದೆ. ಅಗೆದಾಗ ಅದಕ್ಕೂ ಗಟ್ಟಿ ಸಿಗದಿದ್ದರೆ? ಕರಾರು ಆದಮೇಲೆ ಗೊತ್ತಾದರೆ ಲೆಕ್ಕ ಎಲ್ಲ ತಪ್ಪುತ್ತದಲ್ಲ.

ಗರಸು-ಖಡಿ

ಕರಾರಿಗೆ ಮುಂಚೆಯೇ ಜೆಸಿಬಿ ಕರೆಸಿ ಸೈಟಿನ ಎರಡು ಮೂಲೆಯಲ್ಲಿ ಒಂದೊಂದು ಗುಂಡಿ ತೆಗೆಸಿ. ಕಾಲಂ ಬರುವ ಜಾಗ ಬಿಟ್ಟು ತೆಗೆಯಿರಿ. ಗಂಟೆ ಬಾಡಿಗೆಯಲ್ಲಿ ಮುಗಿಯುವ ಕೆಲಸ. ಗಟ್ಟಿ ಎಷ್ಟು ಆಳದಲ್ಲಿದೆ ಅಂತ ಟೇಪ್ ಹಿಡಿದು ಅಳೆದು, ಫೋಟೋ ತೆಗೆದು, ಅಲ್ಲಿಂದಲೇ ಪರೀಕ್ಷೆಗೆ ಮಣ್ಣು ಕಳಿಸಿ. ರಿಪೋರ್ಟ್ ಮತ್ತು ಡ್ರಾಯಿಂಗ್ ಎರಡನ್ನೂ ಇಟ್ಟು 1,850 ಮತ್ತು 2,100 ಇಬ್ಬರಿಂದಲೂ ಹೊಸ ರೇಟ್ ತೆಗೆದುಕೊಳ್ಳಿ, ದೊಡ್ಡಪ್ಪನ ಪರಿಚಯದವರಿಗೂ ಅದೇ ಕಾಗದ ಕೊಟ್ಟು ಕೇಳಿ. ಹತ್ತಡಿ ಆದರೂ ಎರಿಯೇ ಇದ್ದರೆ ಸಾಮಾನ್ಯ ಫೂಟಿಂಗ್ ಬಿಟ್ಟು ಪೈಲ್ (ನೆಲದೊಳಗೆ ಆಳಕ್ಕೆ ಇಳಿಯುವ ಕಾಂಕ್ರೀಟ್ ಕಂಬ) ಹಾಕುವ ವಿಚಾರ ಬರುತ್ತದೆ, ಆಗ ಈ ಮೂರೂ ಕೊಟೇಶನ್ ಪಕ್ಕಕ್ಕಿಟ್ಟು ಡಿಸೈನ್ ಮಾಡುವ ಇಂಜಿನಿಯರ್ ಹತ್ತಿರ ಹೊಸದಾಗಿ ಕೂರಬೇಕಾಗುತ್ತದೆ. ಗುಂಡಿ ತೆಗೆಸಿದ ಮೇಲೆ ಆಳ ಎಷ್ಟು ಬಂತು ಅಂತ ಇಲ್ಲಿ ಹಾಕಿ.